ದೇವಿಮನೆ ಘಾಟಿಯಲ್ಲಿ ಮಾತ್ರ ಮಿಸ್ಸಿಂಗ್ ಹೊಡೆಯುವ 407

ಪ್ರಶ್ನೆ:
ನಮಸ್ಕಾರ ಮೇಸ್ತ್ರಿ. ನನ್ನದು ಹಳೇ ಟಾಟಾ 407 ಲಾರಿ, ಅಪ್ಪ ಓಡಿಸುತ್ತಿದ್ದ ಗಾಡಿ. ಸೆನ್ಸರ್, ಕಂಪ್ಯೂಟರ್ ಅಂತ ಏನೂ ಇಲ್ಲ. ಕುಮಟಾದಿಂದ ಶಿರಸಿಗೆ ಚಿರೆಕಲ್ಲು ಸಾಗಿಸುತ್ತೇನೆ. ಎರಡು ತಿಂಗಳಿಂದ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ (ಸಿಲಿಂಡರ್ ಉರಿಯದೆ ತಪ್ಪುತ್ತಿದೆ), ಆದರೆ ದಿನಾ ಅಲ್ಲ. ಕತಗಾಲ ದಾಟುವವರೆಗೆ ಏನೂ ಗೊತ್ತಾಗುವುದಿಲ್ಲ. ದೇವಿಮನೆ ಘಾಟಿ ಹತ್ತಲು ಶುರು ಮಾಡಿದ ಮೇಲೆ ಗಾಡಿ ಜಗ್ಗುತ್ತದೆ, ಬಿಳಿ ಹೊಗೆ ಬರುತ್ತದೆ, ಪಿಕಪ್ ಸತ್ತೇ ಹೋಗುತ್ತದೆ. ಹೇಗೋ ಮೇಲೆ ತಲುಪಿ, ನಿಲ್ಲಿಸಿ, ಚಾ ಕುಡಿದು ಬಂದರೆ ಮತ್ತೆ ಸರಿ. ಕೆಲವು ದಿನ ಅದೇ ಲೋಡು, ಅದೇ ಘಾಟಿ, ಒಂದು ಸಲವೂ ಮಿಸ್ ಆಗುವುದಿಲ್ಲ. ಒಂದು ಗ್ಯಾರೇಜಿನಲ್ಲಿ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ನಾಝಲ್ ಬದಲಿಸಿದರು. ಡೀಸೆಲ್ ಫಿಲ್ಟರ್ ಹೊಸದು. ಈಗ ನಾಝಲ್‌ಗಳಿಗೆ ಡೀಸೆಲ್ ಒತ್ತುವ ಪಂಪ್ ಇಳಿಸಿ ಹುಬ್ಬಳ್ಳಿಗೆ ಕಳಿಸಬೇಕು ಅನ್ನುತ್ತಿದ್ದಾರೆ. ಕಳಿಸಲಾ?

ಮೇಸ್ತ್ರಿ:
ಪಂಪಿಗೆ ಈಗಲೇ ಕೈ ಹಾಕಬೇಡಿ. ಪಂಪ್ ಸವೆದಿದ್ದರೆ ಅದು ಸೋಮವಾರ ಕೆಟ್ಟು ಮಂಗಳವಾರ ಸರಿಯಾಗುವುದಿಲ್ಲ. ಮೊದಲು ಮೂರು ವಿಷಯ ಹೇಳಿ. ಮಿಸ್ಸಿಂಗ್ ಬಂದ ದಿನ ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು? ಬೆಳಿಗ್ಗೆ ಮೊದಲ ಸ್ಟಾರ್ಟ್ ಹೇಗಿದೆ? ಮಿಸ್ಸಿಂಗ್ ಬಂದಾಗ ಟ್ಯಾಂಕಿನ ಮುಚ್ಚಳ ತೆಗೆದರೆ ಸುಸ್ ಅಂತ ಗಾಳಿ ಎಳೆದ ಸದ್ದು ಬರುತ್ತದಾ?

ಹೊನ್ನಾವರದಿಂದ ಒಬ್ಬರು:
ಅಣ್ಣಾ, ಪ್ಲಗ್ ಚೇಂಜ್ ಮಾಡಿ ನೋಡಿ. ನನ್ನ ಓಮ್ನಿಗೆ ಹೀಗೇ ಆಗಿತ್ತು.

ಮೇಸ್ತ್ರಿ:
ನಿಮ್ಮ ಓಮ್ನಿ ಪೆಟ್ರೋಲ್ ಗಾಡಿ. ಇದರಲ್ಲಿ ಕಿಡಿ ಕೊಡುವ ಪ್ಲಗ್ಗೇ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹಳೇ ಡೀಸೆಲ್ ಎಂಜಿನ್ ಮಿಸ್ ಹೊಡೆದರೆ ನೋಡಬೇಕಾದ್ದು ಎರಡೇ: ಡೀಸೆಲ್ ಸರಿಯಾಗಿ ಬರುತ್ತಿದೆಯಾ, ಗಾಳಿ ಒತ್ತುವ ಬಲ ಅಂದರೆ ಕಂಪ್ರೆಶನ್ ಇದೆಯಾ. ಕಂಪ್ರೆಶನ್ ಹೋದ ಎಂಜಿನ್ ಚಾ ಕುಡಿದು ಬಂದರೆ ಸರಿಯಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ನೀವು ಕೇಳಿದ ಮೇಲೆ ಡೀಸೆಲ್ ಹಾಕಿಸಿದ ಚೀಟಿಗಳನ್ನು ತೆಗೆದು ನೋಡಿದೆ. ಫುಲ್ ಟ್ಯಾಂಕ್ ಮಾಡಿದ ಮರುದಿನ ಒಮ್ಮೆಯೂ ಮಿಸ್ಸಿಂಗ್ ಬಂದಿಲ್ಲ! ಅರ್ಧಕ್ಕಿಂತ ಕೆಳಗೆ ಇಳಿದಾಗಲೇ ತೊಂದರೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಕೈಯಿಂದ ಡೀಸೆಲ್ ಎಳೆಯುವ ಹ್ಯಾಂಡ್ ಪಂಪ್ ಹೊಡೆಯಲೇಬೇಕು. ನಿನ್ನೆ ಘಾಟಿಯಲ್ಲಿ ಮುಚ್ಚಳ ತೆಗೆದೆ, ಸದ್ದೇನೂ ಇಲ್ಲ. ಆದರೆ ಪೈಪ್ ಎಲ್ಲೂ ಒದ್ದೆ ಇಲ್ಲ ಮೇಸ್ತ್ರಿ. ಲೀಕ್ ಇದ್ದರೆ ಡೀಸೆಲ್ ತೊಟ್ಟಿಕ್ಕಬೇಕಿತ್ತು ಅಲ್ವಾ?

ಮೇಸ್ತ್ರಿ:
ಅಲ್ಲೇ ಎಲ್ಲರೂ ಮೋಸ ಹೋಗುವುದು. ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೆ ತಳ್ಳುವ ಸಣ್ಣ ಪಂಪ್ ಇದೆ, ಅದೇ ಫೀಡ್ ಪಂಪ್. ಫೀಡ್ ಪಂಪಿನಿಂದ ಮುಂದೆ ಲೀಕ್ ಇದ್ದರೆ ಡೀಸೆಲ್ ಹೊರಗೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಇರುವುದು ಎಳೆಯುವ ಲೈನ್. ಅಲ್ಲಿ ತೂತಿದ್ದರೆ ಗಾಳಿ ಒಳಗೆ ಹೋಗುತ್ತದೆ. ತೂತಾದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಸ್ಟ್ರಾ ಹೊರಗೆ ಒಣಗೇ ಇರುತ್ತದೆ, ಬಾಯಿಗೆ ಬರುವುದು ಮಾತ್ರ ಗಾಳಿ.

ಮುಚ್ಚಳದ ಗಾಳಿ ತೂತು ಮಣ್ಣು ತುಂಬಿ ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತದೆ. ಟ್ಯಾಂಕಿನೊಳಗೆ ನಿರ್ವಾತ ಆಗಿ ಡೀಸೆಲ್ ಬರುವುದಿಲ್ಲ, ನಿಲ್ಲಿಸಿದರೆ ನಿಧಾನಕ್ಕೆ ಸರಿಯಾಗುತ್ತದೆ. ಅದಕ್ಕೇ ಸದ್ದಿನ ಬಗ್ಗೆ ಕೇಳಿದ್ದು. ಸದ್ದಿಲ್ಲ ಅಂದ ಮೇಲೆ ಅದನ್ನು ಬಿಡಿ.

ಡೀಸೆಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಅಂತಲೇ ಹೇಳಬಹುದು. ಗಾಳಿ ಸ್ಪಂಜಿನ ಹಾಗೆ ಕುಗ್ಗುತ್ತದೆ. ನಾಝಲ್ ತೆರೆಯಲು 200 ಬಾರ್ ಆಸುಪಾಸು ಒತ್ತಡ ಬೇಕು. ಗುಳ್ಳೆ ಬಂದ ಸಿಲಿಂಡರಿಗೆ ಆ ಒತ್ತಡ ಏರುವುದೇ ಇಲ್ಲ, ಡೀಸೆಲ್ ಸರಿಯಾಗಿ ಬೀಳುವುದಿಲ್ಲ. ಅರೆಬರೆ ಬಿದ್ದದ್ದು ಉರಿಯದೆ ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ.

ಟ್ಯಾಂಕ್ ತುಂಬಿದಾಗ ಸರಿ, ಅರ್ಧವಾದಾಗ ತೊಂದರೆ ಅಂದ್ರೆ ನನಗೆ ಅನುಮಾನ ಟ್ಯಾಂಕಿನ ಒಳಗೆ ಇಳಿಬಿಟ್ಟಿರುವ ಎಳೆಯುವ ಪೈಪಿನ ಮೇಲೆ. ಅದರ ನಡುವೆ ತುಕ್ಕು ತಿಂದು ಸೂಜಿ ತೂತು ಬಿದ್ದಿರಬೇಕು. ಟ್ಯಾಂಕ್ ತುಂಬಿದ್ದರೆ ಆ ತೂತು ಡೀಸೆಲಿನಲ್ಲೇ ಮುಳುಗಿರುತ್ತದೆ, ಅದರಿಂದ ಬರುವುದೂ ಡೀಸೆಲ್ಲೇ. ಮಟ್ಟ ಇಳಿದರೆ, ಅದರ ಮೇಲೆ ಘಾಟಿಯಲ್ಲಿ ಡೀಸೆಲ್ ಹಿಂದಕ್ಕೆ ಸರಿದರೆ, ತೂತು ಬಯಲಾಗುತ್ತದೆ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ, ನಾಲ್ಕು ತಿಂಗಳು ಮಳೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ನೀರು ಬೆವರುತ್ತದೆ. ತುಕ್ಕು ಹೊರಗಿನಿಂದಲೇ ಬರಬೇಕು ಅಂತಿಲ್ಲ.

ಊಹೆ ಮೇಲೆ ಏನೂ ಬಿಚ್ಚಬೇಡಿ. ಫೀಡ್ ಪಂಪಿಗೆ ಬರುವ ಲೈನಿನಲ್ಲಿ ಒಂದು ಅಡಿ, ಒಳಗೆ ಕಾಣುವ ಪ್ಲಾಸ್ಟಿಕ್ ಪೈಪ್ ಹಾಕಿ, ಕ್ಲಿಪ್ ಬಿಗಿ ಮಾಡಿ. ಟ್ಯಾಂಕ್ ಕಾಲು ಭಾಗಕ್ಕೆ ಇಳಿಯಲಿ. ಗಾಡಿಯನ್ನು ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ (ಕಲ್ಲಿಗೆ ನಿಮಗೆ ಬರವಿಲ್ಲ). ರೇಸ್ ಕೊಟ್ಟು ನೋಡಿ. ಪೈಪಿನಲ್ಲಿ ಸೋಡಾ ಬಾಟಲಿಯ ಹಾಗೆ ಗುಳ್ಳೆ ಓಡಿದರೆ ಗಾಳಿ ಎಳೆಯುತ್ತಿದೆ ಅಂತ. ಆಮೇಲೆ ಟ್ಯಾಂಕಿನ ಲೈನ್ ಕಳಚಿ, ಬೇರೆ ಕ್ಯಾನಿನಿಂದ ಡೀಸೆಲ್ ಕೊಟ್ಟು, ಲೈನಿನೊಳಗಿನ ಗಾಳಿ ತೆಗೆದು ಓಡಿಸಿ. ಮಿಕ್ಕಿದ ಡೀಸೆಲ್ ರಿಟರ್ನ್ ಲೈನಿನಲ್ಲಿ ವಾಪಸ್ ಟ್ಯಾಂಕಿಗೇ ಹೋಗುವುದರಿಂದ ಕ್ಯಾನ್ ಬೇಗ ಇಳಿಯುತ್ತದೆ, ಗಾಬರಿ ಬೇಡ. ಕ್ಯಾನಿನಲ್ಲಿ ಗುಳ್ಳೆ ನಿಂತರೆ ದೋಷ ಟ್ಯಾಂಕಿನ ಕಡೆ. ಆಗಲೂ ಗುಳ್ಳೆ ಬಂದರೆ ಪೈಪ್ ಜೋಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್, ರಬ್ಬರ್ ಪೈಪ್ ನೋಡಬೇಕು.

ಇನ್ನೊಂದು ಮಾತು. ಎಂಜಿನ್ ಓಡುವಾಗ ನಾಝಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ನೋಡುವವರಿದ್ದಾರೆ. ಅಲ್ಲಿ ಕೈ ಒಡ್ಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅದಕ್ಕಿಂತ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಸಿಲಿಂಡರಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಾಲ್ಕೂ ಕಡೆ ಎರಡೆರಡು ಹನಿ ನೀರು ಚಿಮುಕಿಸಿ. ಯಾವುದರಲ್ಲಿ ನೀರು ಆರುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ.

ಪ್ರಶ್ನೆ ಕೇಳಿದವರು (ಐದು ದಿನ ಬಿಟ್ಟು):
ಗುಳ್ಳೆ ಸಾಲಾಗಿ ಓಡಿತು ಮೇಸ್ತ್ರಿ! ಕ್ಯಾನ್ ಕೊಟ್ಟ ತಕ್ಷಣ ನಿಂತಿತು. ಟ್ಯಾಂಕಿನ ಪೈಪ್ ಹೊರಗೆ ತೆಗೆದು ಕೆಳಗಿನ ಬಾಯಿ ಬೆರಳಿನಿಂದ ಮುಚ್ಚಿ, ಸೋಪಿನ ನೀರು ಹಚ್ಚಿ ಊದಿದೆ. ನಡುವೆ ಎರಡು ಕಡೆ ನೊರೆ ಉಬ್ಬಿತು. ತೂತು ಕಣ್ಣಿಗೆ ಕಾಣುವುದೇ ಇಲ್ಲ. ಟ್ಯಾಂಕ್ ತೊಳೆದಾಗ ಕಂದು ನೀರು, ಒಂದು ಮುಷ್ಟಿ ತುಕ್ಕು ಬಂತು. ಪೈಪಿಗೆ ಗ್ಯಾಸ್ ಬ್ರೇಜಿಂಗ್ (ಬೆಸುಗೆ) ಹೊಡೆಸಿ ಹಾಕಿದರೆ ಸಾಕಾ?

ಮೇಸ್ತ್ರಿ:
ಬೇಡ. ಎರಡು ತೂತು ಬಿದ್ದ ಪೈಪಿಗೆ ಮೂರನೆಯದು ಹತ್ತಿರದಲ್ಲೇ ಇರುತ್ತದೆ. ಹೊಸ ಪೈಪ್ ಹಾಕಿ, ವಾಷರ್‌ಗಳೂ ಹೊಸದಿರಲಿ. ಟ್ಯಾಂಕಿನ ಹತ್ತಿರ ಮಾತ್ರ ಬೆಂಕಿ ತರಬೇಡಿ. ಡೀಸೆಲ್ ಖಾಲಿ ಮಾಡಿದರೂ ಒಳಗೆ ಆವಿ ಉಳಿದಿರುತ್ತದೆ. ಎಷ್ಟು ತೊಳೆದರೂ ತುಕ್ಕು ಸ್ವಲ್ಪ ಉಳಿದೇ ಇರುತ್ತದೆ, ಘಾಟಿಯ ಕುಲುಕಾಟಕ್ಕೆ ಏಳುತ್ತದೆ. ನಾಲ್ಕೈದು ಟ್ರಿಪ್ ಆದ ಮೇಲೆ ಫಿಲ್ಟರ್ ಮತ್ತೆ ಬದಲಿಸಿ. ಆ ಹಳೇ ನಾಝಲ್‌ಗಳನ್ನು ಗ್ಯಾರೇಜಿನಲ್ಲಿ ಬಿಟ್ಟು ಬಂದಿದ್ದರೆ ಇಂದೇ ಹೋಗಿ ತನ್ನಿ. ಅವು ಸರಿಯಾಗೇ ಇರಬೇಕು.