ಹೊಸ ಏರ್ ಪಿಸ್ತೂಲು ಕೈಗೆ ಒಗ್ಗುವವರೆಗೆ ಅಭ್ಯಾಸ ಹೇಗಿರಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಉಪನ್ಯಾಸಕಿ. ಹತ್ತು ತಿಂಗಳಿಂದ ಶೂಟಿಂಗ್ ರೇಂಜಿನವರ ಪಿಸ್ತೂಲಿನಲ್ಲೇ 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತಿದ್ದೆ. 60 ಶಾಟ್‌ಗಳಿಗೆ 540ರ ಆಸುಪಾಸಿನ ಅಂಕ ಬರುತ್ತಿತ್ತು. ಕಳೆದ ತಿಂಗಳು ಬಹುಕಾಲ ಕೂಡಿಟ್ಟ ಹಣದಿಂದ ಸ್ವಂತ ಪಿಸ್ತೂಲು ಕೊಂಡೆ. ಅಂದಿನಿಂದ ಅಂಕ 520 ದಾಟುತ್ತಿಲ್ಲ. ನಾನು ಬಲಗೈಯವಳು, ಹೆಚ್ಚಿನ ಶಾಟ್‌ಗಳು ಎಡಕ್ಕೆ, ಕೆಳಕ್ಕೆ ಬೀಳುತ್ತವೆ. ಟ್ರಿಗರ್ ನಾನು ಸಿದ್ಧಳಾಗುವ ಮೊದಲೇ ಬಿಟ್ಟುಕೊಂಡಂತೆ ಅನಿಸುತ್ತದೆ, ಮತ್ತು ಗ್ರಿಪ್ (ಹಿಡಿಕೆ) ಹೆಬ್ಬೆರಳಿನ ಬುಡದಲ್ಲಿ ಒತ್ತುತ್ತದೆ. ದಿನಕ್ಕೆ ಇನ್ನೂರು ಪೆಲೆಟ್ (ಪುಟ್ಟ ಗುಂಡು) ಹೊಡೆದರೆ ತಾನಾಗಿ ಒಗ್ಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಸರಿಯೇ? ಮನೆಯಲ್ಲಿ ಆರು ವರ್ಷದ ಮಗನಿದ್ದಾನೆ. ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಯಾವ ಎಚ್ಚರಿಕೆ ಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಮೇಡಂ, ಇನ್ನೂರು ಪೆಲೆಟ್ ಹೊಡೆಯಬೇಡಿ. ಗ್ರಿಪ್ ಕೈಗೆ ಕೂರದಿರುವಾಗ ಹೊಡೆದ ಪ್ರತಿ ಪೆಲೆಟ್ ತಪ್ಪು ಹಿಡಿತವನ್ನೇ ಕೈಗೆ ಕಲಿಸುತ್ತದೆ.

ಮೊದಲು ಒಂದು ಲೆಕ್ಕ ನೋಡಿ. ಗುರಿಫಲಕದಲ್ಲಿ 10 ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್, ಪೆಲೆಟ್ಟಿನದು 4.5. ಪೆಲೆಟ್ ಗೆರೆಯನ್ನು ಮುಟ್ಟಿದರೂ ಅಂಕ ಸಿಗುವುದರಿಂದ, ನಿಮ್ಮ ಕೈ, ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಮುಂದಿನ, ಹಿಂದಿನ ಸೈಟ್‌ಗಳ ಹೊಂದಾಣಿಕೆ ಕೆಡದಂತೆ ಪಕ್ಕಕ್ಕೆ 8 ಮಿಲಿಮೀಟರ್‌ನಷ್ಟು ಓಲಾಡಿದರೂ ಹತ್ತೇ ಬರುತ್ತದೆ. ಆದರೆ ಎರಡು ಸೈಟ್‌ಗಳ ನಡುವಿನ ಅಂತರ 320 ಮಿಲಿಮೀಟರ್ ಎಂದಿಟ್ಟುಕೊಂಡರೆ, ಮುಂದಿನ ಸೈಟ್ ಹಿಂದಿನದರ ಕಚ್ಚಿನಲ್ಲಿ ಕೇವಲ 1 ಮಿಲಿಮೀಟರ್ ಸರಿದಾಗ ಪೆಲೆಟ್ ಗುರಿಯಲ್ಲಿ 31 ಮಿಲಿಮೀಟರ್ ಆಚೆಗೆ ಬೀಳುತ್ತದೆ. ಅಂದರೆ ಹತ್ತರ ಬದಲು ಏಳು. ಕೈ ನಡುಗುತ್ತದೆ ಎಂದು ಹೊಸಬರು ಕೊರಗುತ್ತಾರೆ, ಆದರೆ ಅಂಕ ಕಳೆಯುವುದು ನಡುಕವಲ್ಲ, ಟ್ರಿಗರ್ ಒತ್ತುವಾಗ ಉಳಿದ ಬೆರಳುಗಳೂ ಬಿಗಿಯಾಗಿ ಮಣಿಕಟ್ಟು ತಿರುಗುವುದು. ಬಲಗೈಯವರಿಗೆ ಎಡಕ್ಕೆ ಕೆಳಕ್ಕೆ ಬೀಳುವ ಶಾಟ್‌ಗಳ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ.

ಆದ್ದರಿಂದ ಎರಡು ವಾರ ಖಾಲಿ ಬಿಳಿ ಗೋಡೆಯ ಮುಂದೆ ನಿಲ್ಲಿ. ಕಣ್ಣು ಮುಚ್ಚಿ ಪಿಸ್ತೂಲನ್ನು ಎತ್ತಿ, ತೋಳು ನೆಲೆಗೊಂಡ ಮೇಲೆ ಕಣ್ಣು ತೆರೆಯಿರಿ. ಮುಂದಿನ ಸೈಟ್ ಕಚ್ಚಿನ ನಡುವೆ ಕಾಣದಿದ್ದರೆ ಮಣಿಕಟ್ಟನ್ನು ತಿರುಗಿಸಿ ಸರಿಪಡಿಸಬೇಡಿ. ಅದು ಗ್ರಿಪ್ ನಿಮಗೆ ಕೊಡುತ್ತಿರುವ ಸೂಚನೆ. ನಂತರ ಡ್ರೈ ಫೈರಿಂಗ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ. ಇಂದಿನ ಬಹುತೇಕ ಸ್ಪರ್ಧಾ ಪಿಸ್ತೂಲುಗಳಲ್ಲಿ ಗಾಳಿ ಹೊರಬೀಳದೆ ಟ್ರಿಗರ್ ಮಾತ್ರ ಕೆಲಸ ಮಾಡುವ ವ್ಯವಸ್ಥೆ ಇರುತ್ತದೆ. ನಿಮ್ಮ ಕೈಪಿಡಿಯಲ್ಲಿ ಅದನ್ನು ನೋಡಿಕೊಳ್ಳಿ. ಕಣ್ಣು ಮುಂದಿನ ಸೈಟಿನ ಮೇಲಿರಲಿ, ಟ್ರಿಗರ್ ಬಿಟ್ಟ ಮೇಲೂ ಎರಡು ಸೆಕೆಂಡ್ ತೋಳು ಇಳಿಸಬೇಡಿ. ಸೈಟ್ ಅಲುಗಿದ್ದು ಗೋಡೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಗುರಿಫಲಕ ಎದುರಿಗಿದ್ದರೆ ಮನಸ್ಸು ಅಂಕದ ಹಿಂದೆ ಹೋಗಿ ಇದನ್ನು ನೋಡುವುದೇ ಇಲ್ಲ.

ಎರಡನೆಯ ಉತ್ತರ:
ಮೇಲಿನ ಮಾತು ನಿಜ, ಆದರೆ ಟ್ರಿಗರ್ ಪರೀಕ್ಷಿಸದೆ ಅಭ್ಯಾಸ ಆರಂಭಿಸಬೇಡಿ. ಸ್ಪರ್ಧೆಯ ನಿಯಮದಂತೆ ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ತಡೆಯಬೇಕು. ನಳಿಕೆಯನ್ನು ನೇರವಾಗಿ ಮೇಲ್ಮುಖವಾಗಿ ಹಿಡಿದು, ಮೇಜಿನ ಮೇಲಿರುವ 500 ಗ್ರಾಂ ತೂಕವನ್ನು ಟ್ರಿಗರಿನಿಂದಲೇ ಎತ್ತಿ ನೋಡಿ. ಬಿಟ್ಟುಕೊಂಡರೆ ನಿಮ್ಮ ಅನಿಸಿಕೆ ಸರಿ. ನಾನು ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳುತ್ತೇನೆ. ಟ್ರಿಗರ್ ಎರಡು ಹಂತದ್ದಾಗಿದ್ದು, ಮೊದಲ ಹಂತದಲ್ಲಿ ಹೆಚ್ಚು ಭಾರ, ಎರಡನೆಯದರಲ್ಲಿ ಕಡಿಮೆ ಇದ್ದರೆ ಹೊಸ ಬೆರಳಿಗೆ ತಡೆ ಎಲ್ಲಿ ಎಂಬುದು ಚೆನ್ನಾಗಿ ತಿಳಿಯುತ್ತದೆ. ಒಂದು ಬಾರಿಗೆ ಒಂದೇ ತಿರುಪನ್ನು, ಅದೂ ಕಾಲು ಸುತ್ತು ಮಾತ್ರ ತಿರುಗಿಸಿ, ಬರೆದಿಟ್ಟುಕೊಳ್ಳಿ. ನಾನು ಹಿಂದೆ ಒಮ್ಮೆಗೇ ಮೂರು ತಿರುಪುಗಳನ್ನು ತಿರುಗಿಸಿ, ಮೊದಲಿನ ಸ್ಥಿತಿಗೆ ತರಲು ವಾರಗಟ್ಟಲೆ ಒದ್ದಾಡಿದ್ದೇನೆ.

ಪಿಸ್ತೂಲಿನ ಗಾಳಿ ತುಂಬುವ ಸಿಲಿಂಡರಿನ ಮೇಲೆ ನಮೂದಿಸಿರುವ ತಯಾರಿಕೆಯ ತಿಂಗಳು ಮತ್ತು ವರ್ಷವನ್ನೂ ನೋಡಿ. ಸಾಮಾನ್ಯವಾಗಿ ಅದರ ಆಯುಷ್ಯ ಹತ್ತು ವರ್ಷ. ಅವಧಿ ಮುಗಿದದ್ದನ್ನು ತುಂಬಿಸಬಾರದು, ಅದರಲ್ಲಿ ಬರೆದಿರುವ ಒತ್ತಡವನ್ನು ಮೀರಿಸಲೂಬಾರದು. ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಮಗನ ವಿಷಯ. ಪೆಲೆಟ್ ಹೊರಬೀಳುವ ಶಕ್ತಿ 20 ಜೂಲ್ ಮೀರದ, 4.5 ಮಿಲಿಮೀಟರಿನ ಏರ್ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಡ, ಆದರೆ ಅದು ಕಣ್ಣು ಕಳೆಯಬಲ್ಲದು. ಡ್ರೈ ಅಭ್ಯಾಸದ ವೇಳೆ ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ. ಕೋಣೆಯ ಬಾಗಿಲು ಹಾಕಿಕೊಳ್ಳಿ, ಗೋಡೆಯಾಚೆ ಯಾರೂ ಇರದ ದಿಕ್ಕನ್ನು ಆರಿಸಿ, ಮುಗಿದ ತಕ್ಷಣ ನಳಿಕೆ ಖಾಲಿಯಿದೆ ಎಂದು ತೋರಿಸುವ ಕೇಸರಿ ಬಣ್ಣದ ಸೇಫ್ಟಿ ಫ್ಲ್ಯಾಗ್ ಹಾಕಿ ಪೆಟ್ಟಿಗೆಗೆ ಬೀಗ ಹಾಕಿ. ಕೈಗೆತ್ತಿಕೊಂಡಾಗಲೆಲ್ಲ, ಐದು ನಿಮಿಷದ ಹಿಂದೆಯಷ್ಟೇ ನೋಡಿದ್ದರೂ, ಖಾಲಿಯಿದೆಯೇ ಎಂದು ಮತ್ತೆ ನೋಡಿ.

ಮೂರನೆಯ ಉತ್ತರ:
ಗ್ರಿಪ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒತ್ತುವ ಜಾಗವನ್ನು ಈಗಲೇ ಅರ ಹಿಡಿದು ಉಜ್ಜಿಬಿಡಿ ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ತೆಗೆದ ಮರ ಮತ್ತೆ ಬರುವುದಿಲ್ಲ. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಗ್ರಿಪ್ ಹಿಡಿದರೆ ಎಲ್ಲಿ ತಾಗುತ್ತದೆ, ಎಲ್ಲಿ ಟೊಳ್ಳಾಗಿದೆ ಎಂಬುದು ಗುರುತಾಗುತ್ತದೆ. ಮೊದಲು ಟೊಳ್ಳಿಗೆ ಪುಟ್ಟಿ ತುಂಬಿ, ಒಂದು ವಾರ ಹಿಡಿದು ನೋಡಿ, ಆಮೇಲೂ ಒತ್ತಿದರೆ ಸ್ಯಾಂಡ್ ಪೇಪರಿನಿಂದ ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಪುಟ್ಟಿ ಹೊರಬದಿಗೆ ಉಬ್ಬದಿರಲಿ, ಏಕೆಂದರೆ ಸ್ಪರ್ಧೆಯ ನಿಯಮದಂತೆ ಪಿಸ್ತೂಲು 420×200×50 ಮಿಲಿಮೀಟರಿನ ಅಳತೆಪೆಟ್ಟಿಗೆಯಲ್ಲಿ ಹಿಡಿಸಬೇಕು. ಗ್ರಿಪ್ ಮಣಿಕಟ್ಟಿಗೆ ಆಧಾರವಾಗುವಂತೆಯೂ ಇರಬಾರದು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ:
ಎಲ್ಲರಿಗೂ ಕೃತಜ್ಞತೆಗಳು. ಟ್ರಿಗರ್ ನಿಜಕ್ಕೂ 500 ಗ್ರಾಂ ತಡೆಯುತ್ತಿರಲಿಲ್ಲ. ಕಾಲು ಸುತ್ತು, ಮತ್ತೆ ಕಾಲು ಸುತ್ತು ಬಿಗಿ ಮಾಡಿದ ಮೇಲೆ ಸರಿಯಾಯಿತು. ಸೀಮೆಸುಣ್ಣ ಹಚ್ಚಿ ನೋಡಿದಾಗ ಅಂಗೈಯ ನಡುಭಾಗ ಗ್ರಿಪ್ಪಿಗೆ ತಾಗುತ್ತಲೇ ಇರಲಿಲ್ಲ, ಇಡೀ ಭಾರವನ್ನು ಹೆಬ್ಬೆರಳಿನ ಬುಡ ಹೊರುತ್ತಿತ್ತು ಎಂದು ತಿಳಿಯಿತು. ಪುಟ್ಟಿ ತುಂಬಿದ ಮೇಲೆ ಅರ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಹದಿನಾರು ದಿನ ಗೋಡೆಯೆದುರು ನಿಂತು ನಿನ್ನೆ ಮೊದಲ ಬಾರಿಗೆ ಪೂರ್ತಿ 60 ಹೊಡೆದೆ: 537. ಎಡಕ್ಕೆ ಕೆಳಕ್ಕೆ ಹೋದವು ಏಳು ಮಾತ್ರ, ಅವುಗಳಲ್ಲಿ ಐದು ಕೊನೆಯ ಇಪ್ಪತ್ತರಲ್ಲಿ. ತೋಳು ಸೋತಾಗ ಹಿಡಿತ ಬಿಗಿಯಾಗುತ್ತಿದೆ ಎಂದು ತೋರುತ್ತದೆ. ಮುಂದಿನ ವಾರದಿಂದ ಗೋಡೆಯ ಅಭ್ಯಾಸದ ಕೊನೆಯ ಹತ್ತು ನಿಮಿಷವನ್ನು ಅದಕ್ಕೆಂದೇ ಮೀಸಲಿಡುತ್ತೇನೆ.