ಇಂಗ್ಲಿಷ್ ವ್ಯಂಜನಗಳ ಚೌಕಟ್ಟನ್ನು ಬಾಯಿಪಾಠ ಮಾಡದೆ ಕಲಿಯೋದು ಹೇಗೆ?

ಗದಗ ಟೀಚರ್:

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸ್ತೀನಿ, ಜೊತೆಗೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಕೆ-ಸೆಟ್‌ಗೆ ಓದ್ತಾ ಇದ್ದೀನಿ. ಫೊನೆಟಿಕ್ಸ್ (ಧ್ವನಿಶಾಸ್ತ್ರ) ಪಾಠದಲ್ಲಿ 24 ವ್ಯಂಜನಗಳ ಚೌಕಟ್ಟು ಬರುತ್ತಲ್ಲ, ಅದೇ ತಲೆನೋವು. ಅಡ್ಡಸಾಲಿನಲ್ಲಿ ಬೈಲೇಬಿಯಲ್ (ಎರಡೂ ತುಟಿ), ಲೇಬಿಯೋಡೆಂಟಲ್ (ತುಟಿ-ಹಲ್ಲು), ಡೆಂಟಲ್ (ಹಲ್ಲು), ಆಲ್ವಿಯೋಲಾರ್ (ಮೇಲ್ಹಲ್ಲಿನ ಹಿಂದಿನ ಉಬ್ಬು) ಅಂತ ಸ್ಥಾನಗಳು. ಕಂಬಸಾಲಿನಲ್ಲಿ ಪ್ಲೋಸಿವ್ (ಗಾಳಿ ಪೂರ್ತಿ ಮುಚ್ಚಿ ಫಟ್ಟನೆ ಬಿಡೋದು), ಫ್ರಿಕೇಟಿವ್ (ಕಿರಿದಾದ ಸಂದಿಯಲ್ಲಿ ಉಜ್ಜಿ ಬಿಡೋದು), ಅಫ್ರಿಕೇಟ್ (ಮುಚ್ಚಿ ಉಜ್ಜಿ ಬಿಡೋದು) ಅಂತ ವಿಧಾನಗಳು. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಗಾಗೋದರೊಳಗೆ ಕಲಸಿಹೋಗಿರುತ್ತೆ.

ನಮ್ಮ ವರ್ಣಮಾಲೆಯೂ ಸ್ಥಾನದ ಪ್ರಕಾರವೇ ಜೋಡಿಸಿದ್ದು ಅಂತ ಗೊತ್ತು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ತಾಳೆಯಾಗಲ್ಲ. ನಮ್ಮ 'ಟ' ಮೂರ್ಧನ್ಯ (ನಾಲಿಗೆ ಆ ಉಬ್ಬಿನಿಂದ ಹಿಂದೆ ತಾಗೋದು), ಅವರ 'ಟಿ' ಆಲ್ವಿಯೋಲಾರ್. ನಮ್ಮ 'ಚ' ವರ್ಗೀಯ ವ್ಯಂಜನ, 'ಕ', 'ಪ'ಗಳ ಸಾಲಿನದೇ. ಅವರಲ್ಲಿ ಅದಕ್ಕೆ ಅಫ್ರಿಕೇಟ್ ಅಂತ ಬೇರೆ ಮನೆ. 'ಕ' ಮತ್ತು 'ಹ' ಎರಡೂ ಕಂಠ್ಯ ಅಂತ ಓದಿದ್ದೆ, ಅಲ್ಲಿ ಒಂದು ವೀಲಾರ್ (ಮೆತ್ತನೆ ಅಂಗುಳಿನದು), ಇನ್ನೊಂದು ಗ್ಲಾಟಲ್ (ಧ್ವನಿಪೆಟ್ಟಿಗೆಯದು). ಯಾಕೆ ಹೀಗೆ? ಇನ್ನೊಂದು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದರಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ?

ದಾವಣಗೆರೆ ಸ್ಪೀಚ್ ಥೆರಪಿಸ್ಟ್:

ಟೀಚರ್, ಮಕ್ಕಳ ಉಚ್ಚಾರಣೆ ತಿದ್ದೋದೇ ನನ್ನ ಕೆಲಸ. ಈ ಚೌಕಟ್ಟು ದಿನವೂ ನನ್ನ ಮೇಜಿನ ಮೇಲಿರುತ್ತೆ. ಅದನ್ನು ಯಾರಾದರೂ ಬಾಯಿಪಾಠ ಮಾಡ್ತಿದ್ದಾರೆ ಅಂದರೆ ನನಗೆ ಬೇಜಾರಾಗುತ್ತೆ, ಯಾಕಂದ್ರೆ ಅದರಲ್ಲಿರೋದೆಲ್ಲ ನಿಮ್ಮ ಬಾಯಲ್ಲೇ ಇದೆ.

ಯಾವ ವ್ಯಂಜನಕ್ಕಾದರೂ ಕೇಳಬೇಕಾದ್ದು ಮೂರೇ ಪ್ರಶ್ನೆ. ಗಾಳಿಗೆ ಅಡ್ಡಿಯಾದದ್ದು ಎಲ್ಲಿ? ಅಡ್ಡಿ ಎಂಥದ್ದು, ಪೂರ್ತಿ ಮುಚ್ಚಿತೋ, ಕಿರಿದಾಯಿತೋ, ಮೂಗಿನ ದಾರಿ ತೆರೆಯಿತೋ? ಆಗ ಗಂಟಲು ನಡುಗುತ್ತಿತ್ತೋ ಇಲ್ಲವೋ? 'ವಾಯ್ಸ್‌ಡ್ ಲೇಬಿಯೋಡೆಂಟಲ್ ಫ್ರಿಕೇಟಿವ್' ಅಂದರೆ ಈ ಮೂರು ಉತ್ತರ ಒಟ್ಟಿಗೆ ಹೇಳಿದ ಹಾಗೆ: ಗಂಟಲು ನಡುಗಿದೆ, ಕೆಳತುಟಿ ಮೇಲ್ಹಲ್ಲಿಗೆ ತಾಗಿದೆ, ಗಾಳಿ ಉಜ್ಜಿಕೊಂಡು ಹೊರಗೆ ಹೋಗಿದೆ.

ಈಗ ಒಂದು ಕೆಲಸ ಮಾಡಿ. 'ಸ್...' ಅಂತ ಎಳೆಯಿರಿ. ನಾಲಿಗೆಯನ್ನು ಕದಲಿಸದೆ, ಅಲ್ಲೇ ಇಟ್ಟು, ಉಸಿರನ್ನು ಒಳಕ್ಕೆಳೆದುಕೊಳ್ಳಿ. ಮೇಲ್ಹಲ್ಲಿನ ಹಿಂದೆ ಗಟ್ಟಿಯಾಗಿ ಉಬ್ಬಿರೋ ಜಾಗ ತಣ್ಣಗಾಗುತ್ತೆ. ಅದೇ ಆಲ್ವಿಯೋಲಾರ್ ರಿಡ್ಜ್. 'ಶ್...' ಹೇಳಿ ಹಾಗೇ ಮಾಡಿ, ತಂಪು ಒಂದಿಷ್ಟು ಹಿಂದಕ್ಕೆ ಸರಿಯುತ್ತೆ. ಅದಕ್ಕೇ ಅದು ಪೋಸ್ಟ್-ಆಲ್ವಿಯೋಲಾರ್. 'ಲ್...' ಹೇಳಿ ಉಸಿರೆಳೆದರೆ ನಾಲಿಗೆಯ ತುದಿಗೆ ಏನೂ ಆಗಲ್ಲ, ಅಂಚುಗಳು ತಣ್ಣಗಾಗುತ್ತವೆ. ಗಾಳಿ ಪಕ್ಕದಿಂದ ಹೋಗೋದರಿಂದ ಅದು ಲ್ಯಾಟರಲ್. ಇದನ್ನು ಒಂದು ಸಲ ಮಾಡಿದವರಿಗೆ ಪರೀಕ್ಷೆಯ ಹಾಲಿನಲ್ಲೂ ಮರೆಯಲ್ಲ.

ಇನ್ನು ನಿಮ್ಮ 'ಟ'. ಮೈಸೂರಿನಲ್ಲಿ ಓದುವಾಗ ನಾವು ಲ್ಯಾಬಿನಲ್ಲಿ ಪ್ಯಾಲಟೋಗ್ರಫಿ ಮಾಡಿದ್ವಿ. ಇದ್ದಿಲಿನ ನುಣ್ಣನೆ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಬ್ರಷ್‌ನಿಂದ ನಾಲಿಗೆಗೆ ಬಳಿದುಕೊಂಡು, ಒಂದೇ ಒಂದು ಪದ ಹೇಳಬೇಕು. ಆಮೇಲೆ ಬಾಯಿ ಅಗಲಿಸಿ ಕನ್ನಡಿ ಹಿಡಿದರೆ, ನಾಲಿಗೆ ತಾಗಿದ ಕಡೆಯೆಲ್ಲ ಅಂಗುಳಿನ ಮೇಲೆ ಕಪ್ಪು ಗುರುತು. 'ತ' ಹೇಳಿದಾಗ ಹಲ್ಲಿನ ಹಿಂಬದಿಯೇ ಕಪ್ಪಾಗಿತ್ತು. 'ಟ'ಗೆ ಹಲ್ಲು ಬೆಳ್ಳಗೇ ಇತ್ತು, ಗುರುತು ಉಬ್ಬಿನಿಂದ ಹಿಂದೆ. ಇಂಗ್ಲಿಷರ 'ಟಿ' ಈ ಎರಡರ ನಡುವೆ, ಆ ಉಬ್ಬಿನ ಮೇಲೆಯೇ ಬರುತ್ತೆ. ನಮ್ಮಲ್ಲಿ ಅಲ್ಲಿಗೆ ಸರಿಯಾದ ಸ್ಪರ್ಶಾಕ್ಷರ (ಪ್ಲೋಸಿವ್) ಇಲ್ಲ. ಅದಕ್ಕೆ ನಮ್ಮ ಕಿವಿ ಅದನ್ನು ಹತ್ತಿರದ 'ಟ'ಗೆ ಸೇರಿಸಿಬಿಡುತ್ತೆ: ಟೇಬಲ್, ಟಿಕೆಟ್, ಡಾಕ್ಟರ್. ಖಾಲಿ ಉಳಿದ 'ಥ', 'ದ'ಗಳನ್ನು 'ಥಿಂಕ್', 'ದಿಸ್'ಗೆ ಬಳಸ್ತೀವಿ. ಆದರೆ ಆ ಪದಗಳ ಮೊದಲ ಸದ್ದು ಸ್ಪರ್ಶವೇ ಅಲ್ಲ, ಘರ್ಷ, ಅಂದರೆ ಫ್ರಿಕೇಟಿವ್. ನಾಲಿಗೆ ಹಲ್ಲನ್ನು ಮುಚ್ಚಬಾರದು, ಸಂದಿಯಲ್ಲಿ ಗಾಳಿ ಹರೀತಾ ಇರಬೇಕು.

'ಚ' ವಿಚಾರದಲ್ಲಿ ಸದ್ದು ಬೇರೆಯಲ್ಲ, ನೋಡುವ ಕಣ್ಣು ಬೇರೆ. 'ಚ್' ಅನ್ನು ಬಿಡದೆ ಎಳೆಯಿರಿ, ಬಾಲದಲ್ಲಿ 'ಶ್' ಬಂದುಬಿಡುತ್ತೆ. 'ಪ್' ಅನ್ನು ಹಾಗೆ ಎಳೆಯೋಕೆ ಆಗಲ್ಲ. ಮುಚ್ಚಿ, ಫಟ್ಟನೆ ಬಿಡದೆ, ಉಜ್ಜಿಕೊಂಡು ಬಿಡೋದೇ ಅಫ್ರಿಕೇಟ್. ನಮ್ಮ 'ಚ'ದಲ್ಲೂ ಆಗೋದು ಅದೇ. ಹಳೆಯ ವ್ಯಾಕರಣಕಾರರು ಐದೈದರ ಸಾಲಿನಲ್ಲಿ ಅದಕ್ಕೆ ಜಾಗ ಕೊಟ್ಟರು, ಇಂಗ್ಲಿಷಿನವರು ಬಿಡುಗಡೆಯ ರೀತಿ ನೋಡಿ ಬೇರೆ ಸಾಲಿಗೆ ಹಾಕಿದರು. 'ಕ', 'ಹ' ಕೂಡ ಹಾಗೇ. 'ಕ' ಹೇಳುವಾಗ ನಾಲಿಗೆಯ ಹಿಂಭಾಗ ಮೆತ್ತನೆ ಅಂಗುಳಿಗೆ ತಾಗುತ್ತೆ. 'ಹ'ಗೆ ನಾಲಿಗೆಯ ಕೆಲಸವೇ ಇಲ್ಲ, ಎಲ್ಲ ನಡೆಯೋದು ಧ್ವನಿಪೆಟ್ಟಿಗೆಯಲ್ಲಿ.

ನಾನು ಒತ್ತಿ ಹೇಳಬೇಕಾದ್ದು ಇದು: ಎರಡು ಚೌಕಟ್ಟು ತಾಳೆಯಾಗೋ ಕಡೆ ನಿಮ್ಮ ಶಕ್ತಿ ಖರ್ಚು ಮಾಡಬೇಡಿ. ತಾಳೆಯಾಗದ ಕಡೆಯೇ ನಮ್ಮ ಮಕ್ಕಳು ಎಡವೋದು. ಅಂಥ ಜಾಗಗಳಲ್ಲಿ ದೊಡ್ಡದು ಫ್ರಿಕೇಟಿವ್ ಸಾಲು. ಇಂಗ್ಲಿಷಿನಲ್ಲಿ ಅವು 9, ನಾಲ್ಕು ಜೋಡಿ ಮತ್ತು 'ಹ'. 'ಫ್ಯಾನ್' ಮತ್ತು 'ವ್ಯಾನ್' ಮೊದಲಿನವು ಒಂದು ಜೋಡಿ, 'ಥಿನ್' ಮತ್ತು 'ದಿಸ್' ಮೊದಲಿನವು ಇನ್ನೊಂದು, 'ಸೂ' ಮತ್ತು 'ಜ಼ೂ' ಮೊದಲಿನವು ಮೂರನೆಯದು, 'ಪ್ರೆಷರ್' ಮತ್ತು 'ಮೆಷರ್' ನಡುವಿನವು ನಾಲ್ಕನೆಯದು. ನಮ್ಮ 'ಸ', 'ಶ'ಗಳಿಗೆ ಗಂಟಲು ನಡುಗಿಸುವ ಜೋಡಿ ಇಲ್ಲ. ಅದಕ್ಕೇ 'ಜ಼ೂ' ಹೇಳು ಅಂದರೆ ಮಗು 'ಜೂ' ಅನ್ನುತ್ತೆ. ನನ್ನ ಹತ್ತಿರ ಬರೋ ಮಕ್ಕಳಿಗೆ ಗಂಟಲ ಮೇಲೆ ಬೆರಳಿಡಿಸಿ 'ಸ್ಸ್ಸ್' ಹೇಳಿಸ್ತೀನಿ, ಹಾಗೇ ಎಳೀತಾ ಇರುವಾಗ ಗಂಟಲನ್ನು ಗುಂಯ್‌ಗುಡಿಸು ಅಂತೀನಿ. ಬಾಯಿ ಹಾಗೇ ಇರುತ್ತೆ, ಬೆರಳಿಗೆ ನಡುಕ ತಾಗುತ್ತೆ, ಹೊರಗೆ 'ಜ಼್' ಬರುತ್ತೆ.

ಧಾರವಾಡದ ಸ್ನಾತಕೋತ್ತರ ವಿದ್ಯಾರ್ಥಿ:

ಮೇಡಂ ಹೇಳಿದ್ದು ಭಾಳ ಚಲೋ ಆತು. ಪರೀಕ್ಷೆಗೆ ಓದೋರಿಗೆ ನಂದೊಂದು ಮಾತು. ಲೆಕ್ಕ ಹಿಂಗ ಇಟ್ಕೋರಿ: ಪ್ಲೋಸಿವ್ 6, ಅಫ್ರಿಕೇಟ್ 2, ಫ್ರಿಕೇಟಿವ್ 9, ನೇಸಲ್ (ಮೂಗಿನವು) 3, ಲ್ಯಾಟರಲ್ 1, ಉಳಿದ 'ರ', 'ಯ' ಮತ್ತ ಡಬಲ್ಯೂ ಸೇರಿ 3. ಒಟ್ಟು 24. ಆ ಕೊನೀ ಮೂರಕ್ಕ ಒಂದು ಪುಸ್ತಕದಾಗ ಅಪ್ರಾಕ್ಸಿಮಂಟ್ ಅಂತಾರ, ಇನ್ನೊಂದರಾಗ 'ಯ', ಡಬಲ್ಯೂ ಎರಡಕ್ಕ ಸೆಮಿವವೆಲ್, 'ರ'ಕ್ಕ ಫ್ರಿಕ್ಷನ್‌ಲೆಸ್ ಕಂಟಿನ್ಯೂಅಂಟ್ ಅಂತಾರ. ಹೆಸರು ಬ್ಯಾರೆ, ಸದ್ದು ಅವೇ. ಆಯ್ಕೆ ಉತ್ತರದಾಗ ಯಾವ ಹೆಸರು ಬಂದ್ರೂ ಗಾಬರಿ ಆಗಬ್ಯಾಡ್ರಿ.

ಗದಗ ಟೀಚರ್:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಉಸಿರೆಳೆಯೋ ಪ್ರಯೋಗ ಈಗಲೇ ಮಾಡಿದೆ, 'ಲ್' ನಿಜಕ್ಕೂ ಅಂಚಿನಲ್ಲೇ ತಣ್ಣಗಾಯ್ತು! ಆದರೆ ಮೇಡಂ, ಉಚ್ಚಾರಣೆ ತಿದ್ದೋದು ಬಿಟ್ಟು ನನ್ನ ಗ್ರಾಮರ್ ಪಾಠಕ್ಕೆ ಇದು ಎಲ್ಲಾದರೂ ಬರುತ್ತಾ? ನಮ್ಮ ಮಕ್ಕಳು 'ವಾಕೆಡ್', 'ಲಾಫೆಡ್' ಅಂತಲೇ ಓದ್ತಾರೆ.

ದಾವಣಗೆರೆ ಸ್ಪೀಚ್ ಥೆರಪಿಸ್ಟ್:

ಸರಿಯಾದ ಉದಾಹರಣೆಯನ್ನೇ ತಂದಿದ್ದೀರಿ. ಭೂತಕಾಲದ 'ಇಡಿ' ಮೂರು ರೀತಿ ಕೇಳಿಸೋಕೆ ಕಾರಣ ಈ ಚೌಕಟ್ಟೇ. ಕ್ರಿಯಾಪದ ಗಂಟಲು ನಡುಗದ ಸದ್ದಿನಲ್ಲಿ ಮುಗಿದರೆ ಹಿಂದೆ 'ಟ್' ಬರುತ್ತೆ: ವಾಕ್ಟ್, ಲಾಫ್ಟ್. ನಡುಗೋ ಸದ್ದಾದರೆ 'ಡ್': ಪ್ಲೇಡ್, ಕಾಲ್ಡ್. ಕೊನೆಯಲ್ಲಿ 'ಟ್', 'ಡ್' ಆಗಲೇ ಇದ್ದರೆ ಮಾತ್ರ ನಡುವೆ ಒಂದು ಸ್ವರ ಬೇಕು: ವಾಂಟೆಡ್, ನೀಡೆಡ್. ಬಹುವಚನದ 'ಎಸ್' ಕೂಡ ಇದೇ ದಾರಿ. 'ಕ್ಯಾಟ್ಸ್', 'ಡಾಗ್ಜ಼್', ಆಮೇಲೆ 'ಬಸಿಜ಼್'. ಈ ಮೂರನೆಯದು ಸ, ಜ಼, ಶ, 'ಮೆಷರ್' ನಡುವಿನ ಸದ್ದು, ಚ, ಜ ಇವುಗಳ ನಂತರ ಮಾತ್ರ. ಮಕ್ಕಳು ಪದಪಟ್ಟಿ ಕಲಿಯಬೇಕಿಲ್ಲ. ಗಂಟಲ ಮೇಲೆ ಬೆರಳಿಟ್ಟು ಹೇಳಲಿ, ನಿಯಮ ಅವರೇ ಕಂಡುಹಿಡೀತಾರೆ.

ಸ್ಥಾನಕ್ಕೆ ಉದಾಹರಣೆ ಬೇಕಾದರೆ ನಮ್ಮ ಸೊನ್ನೆಯಿಂದಲೇ ಶುರು ಮಾಡಿ. 'ಅಂಗಿ', 'ಅಂಚೆ', 'ಅಂಟು', 'ಅಂದ', 'ಅಂಬು' ಬೋರ್ಡಿನ ಮೇಲೆ ಬರೆಸಿ ಜೋರಾಗಿ ಓದಿಸಿ. ಬರೆಯೋದು ಒಂದೇ ಸೊನ್ನೆ, ಆದರೆ ಮೂಗಿನ ಸದ್ದು ಪ್ರತಿ ಸಲ ಮುಂದಿನ ಅಕ್ಷರದ ಜಾಗಕ್ಕೆ ಹೋಗಿ ಕೂರುತ್ತೆ. 'ಬ್ಯಾಂಕ್' ಪದದಲ್ಲಿ 'ಎನ್' ಅಕ್ಷರ 'ಙ' ಆಗೋದು, 'ಇನ್‌ಕರೆಕ್ಟ್' ಇರುವ ಇಂಗ್ಲಿಷಿನಲ್ಲೇ 'ಇಂಪಾಸಿಬಲ್'ಗೆ 'ಎಮ್' ಬರೋದು, ಎಲ್ಲ ಅದೇ ಕಾರಣಕ್ಕೆ.

ಬರ್ಮಿಂಗ್‌ಹ್ಯಾಂ ಕನ್ನಡಿಗ:

ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡ್ತೀನಿ. ಫೋನಿನಲ್ಲಿ ಮಾತಾಡುವಾಗ ವಿ ಮತ್ತು ಡಬಲ್ಯೂ ನನ್ನ ಬಾಯಲ್ಲಿ ಒಂದೇ ಥರ ಬರುತ್ತೆ. ಪಶುವೈದ್ಯರ 'ವೆಟ್', ಒದ್ದೆಯ 'ವೆಟ್' ಎರಡನ್ನೂ ಬಿಡಿಸಿ ಹೇಳೋದು ಹೇಗೆ ಮೇಡಂ? ಇನ್ನೊಂದು, ನಾನು 'ಪಿನ್' ಅಂದರೆ ಕೆಲವರಿಗೆ 'ಬಿನ್' ಅಂತ ಕೇಳಿಸುತ್ತೆ.

ದಾವಣಗೆರೆ ಸ್ಪೀಚ್ ಥೆರಪಿಸ್ಟ್:

ನಮ್ಮ 'ವ' ಎರಡರ ನಡುವಿನದು ಸರ್. ಕೆಳತುಟಿ ಹಲ್ಲಿನ ಹತ್ತಿರ ಹೋಗುತ್ತೆ, ಒತ್ತಲ್ಲ, ಉಜ್ಜಲ್ಲ. ಪಶುವೈದ್ಯರಿಗೆ ಕೆಳತುಟಿಯನ್ನು ಮೇಲ್ಹಲ್ಲಿಗೆ ತಾಗಿಸಿ, ತುಟಿಯಲ್ಲಿ ಕಚಗುಳಿ ಆಗುವಷ್ಟು ಹೊತ್ತು 'ವ್ವ್ವ್' ಅಂತ ಹಿಡಿದು ಆಮೇಲೆ 'ಎಟ್' ಅನ್ನಿ. ಒದ್ದೆಗೆ ಹಲ್ಲು ಯಾವುದಕ್ಕೂ ತಾಗಬಾರದು. ತುಟಿ ಗುಂಡಗೆ ಮಾಡಿ 'ಊ' ಅಂತ ಶುರು ಮಾಡಿ, ನಿಲ್ಲದೆ 'ಎಟ್'ಗೆ ಜಾರಿ: 'ಊಎಟ್'. ಮೊದಮೊದಲು ಕನ್ನಡಿ ಮುಂದೆ ಮಾಡಿ, ಹಲ್ಲು ಕಂಡರೆ ವಿ, ಕಾಣದಿದ್ದರೆ ಡಬಲ್ಯೂ.

'ಪಿನ್' ಸಮಸ್ಯೆ ಸ್ಥಾನದ್ದಲ್ಲ, ಉಸಿರಿನದು. ಇಂಗ್ಲಿಷರು ಪದದ ಮೊದಲಿನ ಪ, ಟ, ಕ ಸದ್ದುಗಳನ್ನು ನಮ್ಮ ಮಹಾಪ್ರಾಣದ ಹಾಗೆ ಉಸಿರು ಸೇರಿಸಿ ಹೇಳ್ತಾರೆ. ಅದೇ 'ಸ್' ನಂತರ ಬಂದರೆ, 'ಸ್ಪಿನ್' ಅಂದಾಗ, ಉಸಿರು ಇರಲ್ಲ. ಅವರಿಗೆ ಅದು ಬೇರೆ ಅಕ್ಷರವಲ್ಲ, ಹಾಗಾಗಿ ತಾವು ಹಾಗೆ ಮಾಡೋದು ಅವರ ಗಮನಕ್ಕೇ ಬರಲ್ಲ. ಆದರೆ ಆ ಉಸಿರು ಇಲ್ಲದ 'ಪ' ಕೇಳಿದರೆ ಅವರ ಕಿವಿಗೆ 'ಬ' ಅನಿಸುತ್ತೆ. ತೆಳ್ಳನೆ ಕಾಗದದ ಪಟ್ಟಿಯನ್ನು ತುಟಿ ಮುಂದೆ ತೂಗಿಬಿಟ್ಟು, 'ಪಿನ್' ಅಂದಾಗ ಅದು ಹಾರುವ ಹಾಗೆ, 'ಬಿನ್' ಅಂದಾಗ ಅಲ್ಲೇ ಇರುವ ಹಾಗೆ ಅಭ್ಯಾಸ ಮಾಡಿ. ಮಹಾಪ್ರಾಣ ಬಲ್ಲ ಕನ್ನಡದ ನಾಲಿಗೆಗೆ ಇದು ಬೇಗ ಬರುತ್ತೆ.