ಆಕ್ಸಲ್ ತರುವ ಮೊದಲು ಅಳತೆ ಹಿಡಿ

ನಮ್ಮ ಮನೆಯವರ ಚಾಟ್ ಗುಂಪಿನಲ್ಲಿ ನಡೆದ ಮಾತು.

ತಮ್ಮ: (ವಿಡಿಯೊ) ಎಲ್ಲರೂ ಇದನ್ನೊಮ್ಮೆ ನೋಡಿ. 1993ರ ಫೋರ್ಡ್ ಎಫ್-250 ಪಿಕಪ್. ನನ್ನ ಗಾಡಿಯದೇ ಮಾಡೆಲ್, ಅದೇ 7.3 ಲೀಟರ್ ಡೀಸೆಲ್. ಹಳೆಯ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ಕಳಚಿ ಒಂದೇ ತುಂಡಿನ ಸಾಲಿಡ್ ಆಕ್ಸಲ್ ಕೂರಿಸಿದ್ದಾರೆ. ಎರಡೇ ದಿನದ ಕೆಲಸ. ನಾನೂ ಮಾಡಿಸುತ್ತೇನೆ.

ಅಕ್ಕ: ಈಗಿರುವುದಕ್ಕೆ ಏನಾಗಿದೆ? ಓಡುತ್ತಿದೆಯಲ್ಲ?

ತಮ್ಮ: ಮುಂದಿನ ಟೈರ್ ನೋಡಿದ್ದೀಯಾ ಅಕ್ಕ? ಹೊರಗಡೆ ಹೊಸದರ ಹಾಗಿದೆ. ಒಳ ಅಂಚಿನಲ್ಲಿ ತಂತಿ ಕಾಣುತ್ತಿದೆ. ಒಂದು ವರ್ಷದಲ್ಲಿ ಇದು ಎರಡನೇ ಜೊತೆ.

ಚಿಕ್ಕಪ್ಪ: ಅದಕ್ಕೆ ಇಡೀ ಆಕ್ಸಲ್ ಬದಲಾಯಿಸಬೇಕಾ? ನಿನ್ನ ಗಾಡಿಯ ಮುಂದಿನ ಆಕ್ಸಲ್ ಎರಡು ತುಂಡಿನದು. ಎಡ ಚಕ್ರದ ತುಂಡು, ಅಂದರೆ ಬೀಮ್, ಬಲಗಡೆಯ ರಬ್ಬರ್ ಬುಶ್‌ಗೆ ಸಿಕ್ಕಿಸಿದೆ, ಬಲ ಚಕ್ರದ್ದು ಎಡಗಡೆ. ಗಾಡಿಯ ಮೂತಿ ಕೂತರೆ ಎರಡೂ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಒಳ ಅಂಚು ಸವೆಯುತ್ತದೆ. ಸ್ಪ್ರಿಂಗ್ ಸೋತಿದೆ, ಬುಶ್ ಹೋಗಿದೆ. ಅವೆರಡನ್ನೂ ಹೊಸದು ಹಾಕಿಸಿ ಅಲೈನ್‌ಮೆಂಟ್ ಮಾಡಿಸು. ಸಾಕು.

ತಮ್ಮ: ಹೋದ ಸಲ ಬುಶ್ ಹಾಕಿಸಿದ್ದೆ ಚಿಕ್ಕಪ್ಪ. ಒಂದು ವರ್ಷವೂ ಬರಲಿಲ್ಲ. ಎಂಜಿನ್ ಒಂದೇ 400 ಕಿಲೋ ಹತ್ತಿರ ತೂಗುತ್ತದೆ. ಅದೆಲ್ಲಾ ಆ ಬೀಮ್ ಮೇಲೆಯೇ ಕೂತಿದೆ.

ಭಾವ: ಹುಡುಗ ಹೇಳುವುದು ಸರಿ. ಸಾಲಿಡ್ ಆಕ್ಸಲ್ ಅಂದರೆ ಒಂದೇ ಕಬ್ಬಿಣದ ಹೌಸಿಂಗ್. ಸ್ಪ್ರಿಂಗ್ ಕೂತರೂ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೆ ಹೊರಕ್ಕೆ ವಾಲುವ ಕೋನ, ಬದಲಾಗುವ ಮಾತೇ ಇಲ್ಲ. ಮಾಡಿಸು.

ತಮ್ಮ: ಥ್ಯಾಂಕ್ಸ್ ಭಾವ. ಆಕ್ಸಲ್ ಕೂಡ ನೋಡಿಟ್ಟಿದ್ದೇನೆ. (ಫೋಟೊ) 2001ರ ಸೂಪರ್ ಡ್ಯೂಟಿಯದು, ಫೋರ್ಡಿನದೇ ಆಮೇಲಿನ ಪಿಕಪ್. ಡಿಸ್ಕ್, ಕ್ಯಾಲಿಪರ್ ಸಮೇತ ಸಿಗುತ್ತದೆ. ನಾಳೆ ಹೋಗಿ ತರುತ್ತೇನೆ.

ನಾನು: ನಾಳೆ ತರಬೇಡ. ಮೊದಲು ಟೇಪ್ ತೆಗೆದುಕೊಂಡು ಹೋಗು. ವೀಲ್ ಬೋಲ್ಟ್‌ಗಳಲ್ಲಿ ಎದುರು ಬದುರು ಇರುವ ಎರಡನ್ನು ಹಿಡಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆ. ನಿನ್ನ ಗಾಡಿಯಲ್ಲೂ ಅಳೆ. ಎರಡೂ ಇಲ್ಲಿ ಹಾಕು.

ತಮ್ಮ: ಎರಡಕ್ಕೂ ಎಂಟೆಂಟು ಬೋಲ್ಟ್ ಅಣ್ಣಾ. ಎಣಿಸಿದ್ದೇನೆ.

ನಾನು: ಎಂಟೇ. ಆದರೆ ನಿನ್ನ ಗಾಡಿಯದು 165.1 ಮಿಲಿಮೀಟರ್. 1999ರಿಂದ ಬಂದ ಸೂಪರ್ ಡ್ಯೂಟಿಯದು 170. ಐದು ಮಿಲಿಮೀಟರ್ ಹತ್ತಿರ ವ್ಯತ್ಯಾಸ. ನಿನ್ನ ವೀಲ್ ಅದಕ್ಕೆ ಕೂರುವುದಿಲ್ಲ. ಮುಂದೆ ಒಂದು ಬಗೆ ವೀಲ್, ಹಿಂದೆ ಇನ್ನೊಂದು. ಯಾವ ಸ್ಟೆಪ್ನಿ ಇಟ್ಟುಕೊಂಡು ಓಡಾಡುತ್ತೀಯಾ?

ಅಕ್ಕ: ಇದನ್ನು ವಿಡಿಯೊದಲ್ಲಿ ಹೇಳಲೇ ಇಲ್ಲವಲ್ಲ.

ನಾನು: ಇನ್ನೊಂದೂ ಹೇಳಿಲ್ಲ. ಹಿಂದಿನ ಡಿಫರೆನ್ಷಿಯಲ್ ರೇಶಿಯೊ ಎಷ್ಟು? ಅಂದರೆ ಶಾಫ್ಟ್ ಎಷ್ಟು ಸುತ್ತಿದರೆ ಚಕ್ರ ಒಂದು ಸುತ್ತುತ್ತದೆ?

ತಮ್ಮ: ಹಿಂದೆ 4.10. ಈ ಆಕ್ಸಲ್ ಟ್ಯಾಗ್ ಮೇಲೆ 3.73 ಅಂತ ಇದೆ. ಫೋರ್ ವೀಲ್ ಡ್ರೈವ್ ಹಾಕುವುದೇ ಕಡಿಮೆ, ಅಷ್ಟರಲ್ಲಿ ಏನಾಗುತ್ತದೆ?

ಚಿಕ್ಕಪ್ಪ: ಏನಾಗುತ್ತದೆ ಅಂದರೆ? ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗದಲ್ಲಿ ತಿರುಗಬೇಕು. ರೇಶಿಯೊ ಬೇರೆ ಆದರೆ ಮುಂದಿನ ಚಕ್ರ ಹಿಂದಿನದಕ್ಕಿಂತ ನೂರಕ್ಕೆ ಹತ್ತು ಸುತ್ತು ಜಾಸ್ತಿ ಓಡಲು ನೋಡುತ್ತದೆ. ನೆಲ ಬಿಡುವುದಿಲ್ಲ. ಟೈರ್ ಜಾರಬೇಕು, ಇಲ್ಲ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಒಡೆಯಬೇಕು. ಬೇಡಪ್ಪ.

ಭಾವ: ಡಿಫರೆನ್ಷಿಯಲ್ ಒಳಗಿನ ಕ್ರೌನ್ ಪಿನಿಯನ್ ಗೇರ್ ಬದಲಾಯಿಸಿದರಾಯಿತು. ವೀಲ್‌ಗೆ ಅಡಾಪ್ಟರ್ ಸಿಗುತ್ತದೆ. ಎಲ್ಲದಕ್ಕೂ ದಾರಿ ಇದೆ. ಸ್ಟೇರಿಂಗ್ ಅಲುಗಾಡಿದರೆ ನಡುಕ ತಗ್ಗಿಸುವ ಒಂದು ಸ್ಟೇರಿಂಗ್ ಡ್ಯಾಂಪರ್, ಬೇಕಾದರೆ ಎರಡು. ನನ್ನ ಸ್ನೇಹಿತನ ಗಾಡಿ ಹಾಗೇ ಓಡುತ್ತಿದೆ.

ನಾನು: ಭಾವ, ಮಿಕ್ಕಿದ್ದಕ್ಕೆ ನಾನು ವಾದ ಮಾಡುವುದಿಲ್ಲ. ಡ್ಯಾಂಪರ್ ಮಾತು ಮಾತ್ರ ಒಪ್ಪಲಾರೆ. ಹೀಗೆ ಬದಲಾಯಿಸಿದ್ದ ಒಂದು ಪಿಕಪ್ ನಾನೇ ಓಡಿಸಿದ್ದೇನೆ. 80ರ ವೇಗ. ರಸ್ತೆ ಚೆನ್ನಾಗಿತ್ತು. ಸೇತುವೆ ಶುರುವಾಗುವ ಕಡೆ ಒಂದು ಸಣ್ಣ ಜಾಯಿಂಟ್ ದಾಟಿತು ಅಷ್ಟೇ, ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಎಡಕ್ಕೂ ಬಲಕ್ಕೂ ಬಡಿಯಲು ಶುರು. ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಕಾಣಲಿಲ್ಲ, ಬರೀ ಬೂದು ಬಣ್ಣ. ಬ್ರೇಕ್ ಮೆಲ್ಲಗೆ ಒತ್ತಿ ಪೂರ್ತಿ ನಿಲ್ಲಿಸುವವರೆಗೂ ಅದು ಬಿಡಲಿಲ್ಲ. ಇಳಿದಾಗ ಕೈ ನಡುಗುತ್ತಿತ್ತು.

ಆ ಗಾಡಿಗೆ ಎರಡು ಡ್ಯಾಂಪರ್ ಇತ್ತು ಭಾವ. ಎರಡೂ ಹೊಸದು.

ಆಮೇಲೆ ಎಂಜಿನ್ ಚಾಲೂ ಇಟ್ಟು, ಇನ್ನೊಬ್ಬರಿಗೆ ಸ್ಟೇರಿಂಗ್ ಆ ಕಡೆ ಈ ಕಡೆ ಅಲುಗಿಸಲು ಹೇಳಿ, ನಾನು ಕೆಳಗೆ ಮಲಗಿದೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಟ್ರ್ಯಾಕ್ ಬಾರ್ ತುದಿಯ ಮೇಲೆ ಬೆರಳಿಟ್ಟೆ. ಟಕ್, ಟಕ್ ಅಂತ ಬೋಲ್ಟ್ ಸರಿಯುವುದು ಬೆರಳಿಗೇ ಗೊತ್ತಾಯಿತು. ಬ್ರಾಕೆಟ್ಟಿನ ತೂತು ಗುಂಡಗೆ ಉಳಿದಿರಲಿಲ್ಲ, ಮೊಟ್ಟೆಯಾಕಾರ ಆಗಿತ್ತು. ಎರಡು ಮೂರು ಮಿಲಿಮೀಟರ್ ಪ್ಲೇ, ಅಂದರೆ ಸಡಿಲ. ಅಷ್ಟರಿಂದಲೇ ಆ ನಡುಕ. ಡ್ಯಾಂಪರ್ ಅದನ್ನು ಅಷ್ಟು ದಿನ ಮುಚ್ಚಿಟ್ಟಿತ್ತು. ಅದಿಲ್ಲದಿದ್ದರೆ ಮೊದಲೇ ಸಣ್ಣಗೆ ಅದುರಿ ತಿಳಿಸುತ್ತಿತ್ತು.

ಅಕ್ಕ: ಇವನು ತನ್ನ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾನೆ.

ಭಾವ: ಆಯಿತಪ್ಪ, ಡ್ಯಾಂಪರ್ ಮಾತು ವಾಪಸ್ ತೆಗೆದುಕೊಂಡೆ. ಹಾಗಾದರೆ ಬೇಡ ಅನ್ನುತ್ತೀಯಾ?

ನಾನು: ಬೇಡ ಅನ್ನುವುದಿಲ್ಲ. ನನಗೂ ಸಾಲಿಡ್ ಆಕ್ಸಲ್ಲೇ ಸರಿ ಅನಿಸುತ್ತದೆ. ಭಾರ ಹೇರುವ ಗಾಡಿ, ಕೆಟ್ಟ ರಸ್ತೆ. ಚಿಕ್ಕಪ್ಪ ಹೇಳಿದ ಹಾಗೆ ಬುಶ್ ಹಾಕಿದರೆ ಇನ್ನೊಂದು ವರ್ಷ ಬರಬಹುದು, ಮತ್ತೆ ಇದೇ ಕಥೆ. ಆದರೆ ಸೂಪರ್ ಡ್ಯೂಟಿಯದು ಬಿಡು. 1986ರಿಂದ 1997ರ ಒಳಗಿನ ಎಫ್-350ಯ ಡಾನಾ 60 ಸಾಲಿಡ್ ಆಕ್ಸಲ್ ಹುಡುಕು. ಅದೇ ಕಾಲದ ಗಾಡಿ, ಅದೇ ಬೋಲ್ಟ್ ಅಳತೆ, ಡಿಫರೆನ್ಷಿಯಲ್ ಕೂಡ ನಿನ್ನದರ ಹಾಗೆ ಎಡಗಡೆಗೇ. ಕಂಪನಿಯೇ ಜೋಡಿಸಿ ಓಡಿಸಿದ ಲೆಕ್ಕ. ಚಕ್ರ ತಿರುಗುವ ಕೀಲು 1991ರವರೆಗಿನದರಲ್ಲಿ ಕಿಂಗ್ ಪಿನ್, ಆಮೇಲಿನದರಲ್ಲಿ ಬಾಲ್ ಜಾಯಿಂಟ್. ಯಾವುದಾದರೂ ಸರಿ, ಪ್ಲೇ ಇರಬಾರದು.

ಚಿಕ್ಕಪ್ಪ: ಬರೀ ಆಕ್ಸಲ್ ತಂದರೆ ಆಗಲಿಲ್ಲ. ಅದರ ಸ್ಪ್ರಿಂಗ್, ಸ್ಪ್ರಿಂಗ್ ಹಿಡಿಯುವ ಹ್ಯಾಂಗರ್, ಸ್ಟೇರಿಂಗಿನ ಪಿಟ್ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಟ್ರ್ಯಾಕ್ ಬಾರ್, ಅದರ ಬ್ರಾಕೆಟ್ ಎಲ್ಲಾ ಒಂದೇ ಗಾಡಿಯಿಂದ ತಾ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟ್ ಮಾತ್ರ ಹಳೆಯದು ಬೇಡ. ಒಮ್ಮೆ ಎಳೆದು ಬಿಗಿದದ್ದು ಎರಡನೇ ಸಲ ಹಿಡಿತ ಕೊಡುವುದಿಲ್ಲ.

ನಾನು: ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿದ ಕೋನ, ಮೂರರಿಂದ ಐದು ಡಿಗ್ರಿ ಒಳಗೆ ಬರಬೇಕು. ಕಡಿಮೆ ಬಂತು ಅಂತ ಸುಮ್ನೆ ದಪ್ಪ ಶಿಮ್ (ಓರೆ ಬಿಲ್ಲೆ) ತುರುಕಿದರೆ ಪಿನಿಯನ್ ಮೂತಿ ಕೆಳಗಾಗುತ್ತದೆ, ಶಾಫ್ಟಿನ ಕ್ರಾಸ್ ಜಾಯಿಂಟ್ ಬೇಗ ಹೋಗುತ್ತದೆ. ಎರಡೂ ಒಟ್ಟಿಗೆ ನೋಡಬೇಕು. ಎದುರಿಗೆ ನಿಂತು ನೋಡಿದಾಗ ಡ್ರ್ಯಾಗ್ ಲಿಂಕೂ ಟ್ರ್ಯಾಕ್ ಬಾರೂ ಒಂದೇ ಓರೆಯಲ್ಲಿರಬೇಕು. ಇಲ್ಲದಿದ್ದರೆ ಗುಂಡಿ ಸಿಕ್ಕಾಗಲೆಲ್ಲಾ ಸ್ಟೇರಿಂಗ್ ತಾನೇ ತಿರುಗುತ್ತದೆ.

ತಮ್ಮ: ಬ್ರೇಕ್?

ನಾನು: ಅದನ್ನು ನೀನೇ ಕೇಳಿದ್ದು ಸಮಾಧಾನ ಆಯಿತು. ಎಬಿಎಸ್ ನಿನ್ನ ಗಾಡಿಯಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ, ಅದರ ಚಿಂತೆ ಬೇಡ. ಹೋಸ್ ಪೈಪ್ ನೋಡು. ಚೇಸಿಸ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಪೂರ್ತಿ ಕೆಳಕ್ಕೆ ಬಿಡು, ಸ್ಟೇರಿಂಗ್ ಕೊನೆಯವರೆಗೆ ತಿರುಗಿಸು. ಹೋಸ್ ಬಿಗಿಯಬಾರದು, ಎಲ್ಲೂ ಉಜ್ಜಬಾರದು. ಆಮೇಲೆ ಜಾಕ್ ಕೊಟ್ಟು ಆಕ್ಸಲ್ ಮೇಲಕ್ಕೆತ್ತು. ಅದು ಆಯಿಲ್ ಚೇಂಬರ್‌ಗೆ ತಾಗುವ ಮೊದಲು ಬಂಪ್ ಸ್ಟಾಪ್ (ರಬ್ಬರ್ ತಡೆ) ತಡೆಯಬೇಕು.

ಅಕ್ಕ: ಎರಡು ದಿನದಲ್ಲಿ ಇದೆಲ್ಲಾ ಆಗುತ್ತಾ?

ಚಿಕ್ಕಪ್ಪ: ಆಗುವುದಿಲ್ಲ. ಹಳೇ ಹ್ಯಾಂಗರ್ ರಿವೆಟ್ ಕೊರೆದು ಬಿಚ್ಚುವುದರಲ್ಲೇ ಒಂದು ದಿನ ಹೋಗುತ್ತದೆ. ಅಲ್ಲಿವರೆಗೆ ಓಡಾಡಲು ಬೇರೆ ಗಾಡಿ ನೋಡಿಕೋ. ಅವಸರ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡ. ನಾನು ಬಂದು ನಿಲ್ಲುತ್ತೇನೆ.

ತಮ್ಮ: ಸರಿ ಚಿಕ್ಕಪ್ಪ. ಅಣ್ಣಾ, ಆ ಆಕ್ಸಲ್ ಅಳೆದೆ. 170. ಬೇಡ ಅಂತ ಹೇಳಿಬಿಟ್ಟೆ.

ಒಂಬತ್ತು ದಿನ ಬಿಟ್ಟು,

ತಮ್ಮ: (ಫೋಟೊ) 1994ರ ಎಫ್-350ಯದು. 165 ಇದೆ. ಟ್ಯಾಗ್ ಮೇಲೆ 4.10. ಸ್ಪ್ರಿಂಗ್, ಹ್ಯಾಂಗರ್, ಲಿಂಕ್ ಎಲ್ಲಾ ಜೊತೆಗಿದೆ.

ಚಿಕ್ಕಪ್ಪ: ಟ್ಯಾಗ್ ನಂಬಬೇಡ. ಯಾರಾದರೂ ಒಳಗಿನದು ಬದಲಾಯಿಸಿರಬಹುದು. ಕವರ್ ಬಿಚ್ಚಿ ಹಲ್ಲು ಎಣಿಸು.

ತಮ್ಮ: ಎಣಿಸಿದೆ. ಕ್ರೌನ್ 41, ಪಿನಿಯನ್ 10. ಅಂದರೆ 4.10.

ನಾನು: ತಾ.